ಲೋಣಾವಳದ ಬಸ್ಸು ಕಾರ್ಲೆಯಲ್ಲೂ ನಿಲ್ಲಲಿ: ಕನ್ನಡ ಸಂಘಗಳಿಗೊಂದು ಬಹಿರಂಗ ಪತ್ರ

ಮುಂಬೈ, ಪುಣೆ ಮತ್ತು ಗೋವೆಯ ಕನ್ನಡ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಹಾಗೂ ಕನ್ನಡ ಶಾಲೆಗಳ ಮುಖ್ಯೋಪಾಧ್ಯಾಯರಿಗೆ,

ಮಾನ್ಯರೇ,

ಮಳೆಗಾಲ ಮುಗಿಯುತ್ತಿದ್ದಂತೆ ನಿಮ್ಮ ವಾರ್ಷಿಕ ಪ್ರವಾಸದ ಮಾತು ಶುರುವಾಗುತ್ತದೆ. ಊರುಗಳ ಪಟ್ಟಿಯಲ್ಲಿ ಲೋಣಾವಳ ಇದ್ದೇ ಇರುತ್ತದೆ. ಚಿಕ್ಕಿ ಅಂಗಡಿ, ಒಂದೆರಡು ಪಾಯಿಂಟು, ಮಧ್ಯಾಹ್ನದ ಊಟ, ಹೊತ್ತು ಉಳಿದರೆ ಕಾರ್ಲೆ ಗುಹೆಗೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಜನ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಒಂದು ಫೋಟೋ ತೆಗೆಸಿಕೊಂಡು ಇಳಿದು ಬರುತ್ತಾರೆ. ಈ ವರ್ಷ ಈ ಕ್ರಮವನ್ನು ತಲೆಕೆಳಗು ಮಾಡಿ, ಇಡೀ ದಿನವನ್ನು ಗುಹೆಗೆ ಕೊಟ್ಟು ಅರ್ಧ ಗಂಟೆಯನ್ನು ಚಿಕ್ಕಿಗೆ ಇಡಿ ಎಂದು ಕೇಳಿಕೊಳ್ಳಲು ಈ ಪತ್ರ.

ಕಾರಣ ಕಾರ್ಲೆಯ ಗೋಡೆಯಲ್ಲೇ ಇದೆ. ದೊಡ್ಡ ಚೈತ್ಯದ, ಅಂದರೆ ಒಳಗೆ ಸ್ತೂಪವಿರುವ ಬೌದ್ಧರ ಪೂಜಾಮಂದಿರದ, ಮುಂದಿನ ಪಡಸಾಲೆಯ ಎಡತುದಿಯಲ್ಲಿ, ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಒಂದು ಸಣ್ಣ ಶಾಸನ ಉಂಟು: ‘ವೇಜಯಂತಿತೋ ಸೆಠಿನಾ ಭೂತಪಾಲೇನ ಸೇಲಘರಂ ಪರಿನಿಠಾಪಿತಂ ಜಬುದಿಪಮ್ಹಿ ಉತಮಂ.’ ವೈಜಯಂತಿಯಿಂದ ಬಂದ ಸೆಟ್ಟಿ ಭೂತಪಾಲನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಕಲ್ಲಿನ ಮನೆಯನ್ನು ಮುಗಿಸಿದನು ಎಂದು ಅದರ ಅರ್ಥ. ವೈಜಯಂತಿಯನ್ನು ಇತಿಹಾಸಕಾರರು ನಮ್ಮ ಬನವಾಸಿ ಎಂದೇ ಗುರುತಿಸುತ್ತಾರೆ. ಶಿರಸಿ ತಾಲ್ಲೂಕಿನಲ್ಲಿ, ವರದಾ ನದಿಯ ದಂಡೆಯಲ್ಲಿರುವ ಬನವಾಸಿ. ಇಂದಿನ ರಸ್ತೆ ಹಿಡಿದರೆ ಕಾರ್ಲೆಗೆ ಐನೂರು ಕಿಲೋಮೀಟರಿಗೂ ಹೆಚ್ಚು. ಹುಬ್ಬಳ್ಳಿಯಿಂದ ಮುಂಬೈಗೆ ಬರುವ ರಾತ್ರಿ ಬಸ್ಸುಗಳೆಲ್ಲ ಈ ಬೆಟ್ಟದ ಬುಡದಲ್ಲೇ ಹಾದುಹೋಗುತ್ತವೆ. ಒಳಗೆ ನಮ್ಮವರು ನಿದ್ದೆಯಲ್ಲಿರುತ್ತಾರೆ.

ಸೆಟ್ಟಿ ಎಂದರೆ ಆ ಕಾಲದಲ್ಲಿ ವರ್ತಕರ ಮುಖ್ಯಸ್ಥ, ಸಂಸ್ಕೃತದ ಶ್ರೇಷ್ಠಿ. ಇಂದಿನ ಅಡ್ಡಹೆಸರುಗಳಿಗೂ ಅವನಿಗೂ ನೇರ ನಂಟು ಕಟ್ಟಲು ಹೋಗಬೇಡಿ, ಅದಕ್ಕೆ ಆಧಾರವಿಲ್ಲ. ಆದರೆ ದಕ್ಷಿಣದಿಂದ ಘಟ್ಟದ ದಾರಿ ಹಿಡಿದು ವ್ಯಾಪಾರಕ್ಕೆ ಬಂದು, ಗಳಿಸಿದ್ದರಲ್ಲಿ ಒಂದು ಪಾಲನ್ನು ಬಂದ ನೆಲಕ್ಕೇ ಸುರಿದವನೊಬ್ಬನ ಹೆಸರು ಸುಮಾರು 2000 ವರ್ಷದಿಂದ ಅಲ್ಲಿದೆ ಎಂಬುದು ಮುಂಬೈ, ಪುಣೆಯ ಕನ್ನಡಿಗರಿಗೆ ಸಣ್ಣ ಸಂಗತಿಯಲ್ಲ.

ಆ ಸಾಲಿನಲ್ಲಿ ತೂಕದ ಪದ ‘ಪರಿನಿಠಾಪಿತಂ’. ಮುಗಿಸಿದ, ಪೂರ್ತಿಗೊಳಿಸಿದ ಎಂದು. ಕಾರ್ಲೆಯಲ್ಲಿ ದಾನ ಕೊಟ್ಟವರು ಅನೇಕರು. ಒಳಗಿನ ಕಂಬಗಳ ಮೇಲೆ ಧೇನುಕಾಕಟ ಎಂಬ ಊರಿನವರ ಹೆಸರುಗಳಿವೆ, ಅವರಲ್ಲಿ ಕೆಲವರು ತಮ್ಮನ್ನು ಯವನರೆಂದು, ಅಂದರೆ ಗ್ರೀಕರೆಂದು, ಕರೆದುಕೊಂಡಿದ್ದಾರೆ. ಹೊರಗಿನ ಸಿಂಹಸ್ತಂಭ ಮಹಾರಥಿ ಅಗ್ನಿಮಿತ್ರಣಕನದು. ಒಂದೊಂದು ಕಂಬ, ಒಂದೊಂದು ಮೂರ್ತಿ ಒಬ್ಬೊಬ್ಬರದು. ಭೂತಪಾಲ ಹೇಳಿಕೊಂಡದ್ದು ಮಾತ್ರ ಮುಗಿಸಿದೆ ಎಂದು. ಈ ಒಂದು ಪದದ ಬೆಲೆ ತಿಳಿಯಬೇಕಾದರೆ ಗುಹೆಯನ್ನು ಹೇಗೆ ಕಡೆಯುತ್ತಿದ್ದರು ಎಂಬುದು ಗೊತ್ತಿರಬೇಕು. ಬಸ್ಸಿನಲ್ಲಿ ಅಂತ್ಯಾಕ್ಷರಿ ಶುರುವಾಗುವ ಮೊದಲು ಹತ್ತು ನಿಮಿಷ ಇದನ್ನು ಹೇಳಿ.

ಮನೆಯನ್ನು ಅಡಿಪಾಯದಿಂದ ಮೇಲಕ್ಕೆ ಕಟ್ಟುತ್ತೇವೆ. ಇಂಥ ಗುಹೆಯನ್ನು ಸೂರಿನಿಂದ ಕೆಳಕ್ಕೆ ಕಡೆಯುತ್ತಾರೆ. ಮೊದಲು ಇಳಿಜಾರಾದ ಬೆಟ್ಟದ ಮೈಯನ್ನು ಕಡಿದು ಗೋಡೆಯಂತೆ ನೆಟ್ಟಗೆ ಮಾಡಬೇಕು. ಆಮೇಲೆ ಎತ್ತರದಲ್ಲಿ, ಮುಂದೆ ದೊಡ್ಡ ಕಮಾನು ಕಿಟಕಿಯಾಗಲಿರುವ ಜಾಗದಲ್ಲಿ ಒಳಕ್ಕೆ ಕೊರೆಯಲು ಶುರು. ಅಲ್ಲಿಂದ ಹಿಂಬದಿಯವರೆಗೂ ಚಾವಣಿಯನ್ನು ಮುಗಿಸಿಕೊಂಡು, ನಿಂತ ನೆಲವನ್ನೇ ಕಡಿಯುತ್ತ ಕೆಳಗಿಳಿಯುತ್ತಾರೆ. ಇದರಿಂದ ಚಾವಣಿಗೆ ಅಟ್ಟಣೆಯೇ ಬೇಕಾಗುವುದಿಲ್ಲ. ಕಂಬ ಬರಬೇಕಾದ ಕಡೆ, ಸ್ತೂಪ ಬರಬೇಕಾದ ಕಡೆ ಬಂಡೆಯನ್ನು ಹಾಗೆಯೇ ಬಿಟ್ಟು, ಸುತ್ತಲಿನದನ್ನಷ್ಟೇ ತೆಗೆಯಬೇಕು. ಕಂಬ ತಂದು ನಿಲ್ಲಿಸಿದ್ದಲ್ಲ, ಉಳಿಸಿಕೊಂಡದ್ದು. ಉಪಕರಣ ಎಂದರೆ ಕಬ್ಬಿಣದ ಉಳಿ, ಸುತ್ತಿಗೆ. ಒಡೆದ ಕಲ್ಲಿನ ಚೂರನ್ನೆಲ್ಲ ಮುಂದಿನ ಬಾಯಿಂದಲೇ ಹೊತ್ತು ಹಾಕಬೇಕು.

ಇಲ್ಲಿ ತಪ್ಪಿಗೆ ತೇಪೆಯಿಲ್ಲ. ಬೋದಿಗೆಯಲ್ಲಿ, ಅಂದರೆ ಕಂಬದ ತಲೆಯಲ್ಲಿ, ಆನೆಗಾಗಿ ಬಿಟ್ಟ ಕಲ್ಲು ಒಂದು ಗೇಣು ಕಡಿಮೆಯಾದರೆ ಆ ಆನೆಯೇ ಇಲ್ಲ. ಒಳಗೆ ಬಿರುಕು ಸಿಕ್ಕಿದರೆ, ಸೂರಿನಲ್ಲಿ ನೀರು ಒಸರತೊಡಗಿದರೆ ಯೋಜನೆಯನ್ನೇ ಬದಲಿಸಬೇಕು, ಇಲ್ಲವೇ ಕೈಬಿಡಬೇಕು. ದಾನದ ಹಣ ನಿಂತರೂ ಅಷ್ಟೇ. ಹಾಗೆ ಅರ್ಧಕ್ಕೆ ನಿಂತವು ಪಶ್ಚಿಮ ಘಟ್ಟದ ಉದ್ದಕ್ಕೂ ಸಿಗುತ್ತವೆ. ಮುಂಬೈಯ ಕಾನ್ಹೇರಿಯಲ್ಲಿ 1ನೇ ಗುಹೆಯೇ ಅಂಥದ್ದು, ಮುಂದೆ ಎರಡು ಭಾರೀ ಕಂಬ ಎದ್ದು ನಿಂತಿವೆ, ಒಳಗಿನ ಕೆಲಸ ಮುಗಿದೇ ಇಲ್ಲ. ಅದರ ಪಕ್ಕದ 3ನೇ ಗುಹೆ ಕಾರ್ಲೆಯ ಮಾದರಿಯಲ್ಲೇ ಕಡೆದ ಚೈತ್ಯ. ಒಳಗೆ 34 ಕಂಬ, ಅವುಗಳಲ್ಲಿ ಕೆಲವಕ್ಕಷ್ಟೇ ಬೋದಿಗೆಯ ಕೆತ್ತನೆ ಬಂದಿದೆ, ಉಳಿದವು ಬರಿಯ ಎಂಟು ಮೂಲೆಯಾಗಿ ನಿಂತಿವೆ. ಮಕ್ಕಳಿಗೆ ಅಪೂರ್ಣ ಕೆಲಸವನ್ನು ಮೊದಲು ತೋರಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಮುಗಿದ ಗುಹೆಯಲ್ಲಿ ಉಳಿಯ ಕೆಲಸವೆಲ್ಲ ನುಣುಪಿನ ಹಿಂದೆ ಅಡಗಿರುತ್ತದೆ. ಅರ್ಧ ಬಿಟ್ಟದ್ದರಲ್ಲಿ ಕಲ್ಲುಕುಟಿಗ ಈಗಷ್ಟೇ ಊಟಕ್ಕೆ ಎದ್ದುಹೋದನೇನೋ ಎಂಬಂತೆ ಎಲ್ಲವೂ ಬಿಚ್ಚಿಕೊಂಡಿರುತ್ತದೆ.

ಇನ್ನು ದಿನದ ಏರ್ಪಾಡು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಕಾರ್ಲೆ ಚೈತ್ಯದ ಮುಂದೆಯೇ ಏಕವೀರಾ ದೇವಿಯ ಗುಡಿ ಇದೆ, ಗುಡಿಗೂ ಗುಹೆಗೂ ಹತ್ತುವ ಮೆಟ್ಟಿಲ ದಾರಿ ಒಂದೇ. ಆದ್ದರಿಂದ ಭಾನುವಾರ ಬೇಡ, ನವರಾತ್ರಿ ಬೇಡ, ಚೈತ್ರದ ಜಾತ್ರೆಯ ದಿನಗಳು ಬೇಡವೇ ಬೇಡ. ಮೀನುಗಾರರಾದ ಕೋಳಿ ಸಮುದಾಯದ ಸಾವಿರಾರು ಭಕ್ತರಿಗೆ ಅದು ಕುಲದೇವಿಯ ಸನ್ನಿಧಿ. ಅವರ ಸಾಲಿನಲ್ಲಿ ನಮ್ಮ ಗುಂಪು ಅಡ್ಡ ನಿಲ್ಲಬಾರದು, ಚಪ್ಪಲಿ ಬಿಡುವ ಕಡೆ ಬಿಡಬೇಕು.

ಬೆಳಗ್ಗೆ ಮೊದಲು ಭಾಜೆಯ ಗುಹೆಗಳಿಗೆ ಹೋಗಿ. ಮಳವಲಿ ರೈಲು ನಿಲ್ದಾಣದ ಒಂದು ಬದಿಗೆ ಭಾಜೆ, ಇನ್ನೊಂದು ಬದಿಗೆ ಕಾರ್ಲೆ. ಪುಣೆ–ಲೋಣಾವಳ ಲೋಕಲ್ ಅಲ್ಲಿ ನಿಲ್ಲುತ್ತದೆ, ಬಸ್ಸು ಮಾಡಲಾಗದ ಸಣ್ಣ ಸಂಘಗಳಿಗೂ ದಾರಿ ಸುಲಭ. ಭಾಜೆ ಇನ್ನೂ ಹಳೆಯದು, ಕ್ರಿ.ಪೂ. 2ನೇ ಶತಮಾನದ ಕೆಲಸ. ಅಲ್ಲಿಯ ಚೈತ್ಯದ ಕಂಬಗಳು ನೆಟ್ಟಗಿಲ್ಲ, ಒಳಕ್ಕೆ ವಾಲಿವೆ. ಮರದ ಕಟ್ಟಡದಲ್ಲಿ ಸೂರಿನ ಒತ್ತಡ ಕಂಬವನ್ನು ಹೊರಕ್ಕೆ ನೂಕುತ್ತದೆ, ಅದಕ್ಕೇ ಬಡಗಿ ಕಂಬವನ್ನು ಒಳಕ್ಕೆ ವಾಲಿಸಿ ನೆಡುತ್ತಾನೆ. ಬಂಡೆಯಲ್ಲಿ ಅದರ ಅಗತ್ಯವೇ ಇಲ್ಲ, ಆದರೂ ಕುಟಿಗರು ಬಡಗಿಯ ಅಳತೆಯನ್ನು ಬಿಟ್ಟುಕೊಡಲಿಲ್ಲ. ಮುಂಭಾಗದ ಮರದ ಚೌಕಟ್ಟು ಎಂದೋ ಹೋಗಿದೆ, ತೊಲೆ ಕೂಡಿಸಲು ಕಡಿದ ತೂತುಗಳು ಮಾತ್ರ ಕಲ್ಲಿನಲ್ಲಿ ಉಳಿದಿವೆ. ಮಕ್ಕಳು ಆ ತೂತುಗಳನ್ನು ಹುಡುಕಿ, ಇಲ್ಲಿ ಏನಿತ್ತು ಎಂದು ತಾವೇ ಊಹಿಸಲಿ. ಪಕ್ಕದಲ್ಲಿ ಗುಂಪಾಗಿ ನಿಂತ 14 ಸ್ತೂಪಗಳಿವೆ.

ಊಟ ಕೆಳಗೇ ಮುಗಿಸಿ, ಮೂರು ಗಂಟೆಯ ಒಳಗೆ ಕಾರ್ಲೆಯ ಮೆಟ್ಟಿಲು ಹತ್ತಿ. ಸುಮಾರು 350 ಮೆಟ್ಟಿಲು. ಬೆಟ್ಟದ ಅರ್ಧದವರೆಗೆ ವಾಹನ ಹೋಗುವುದರಿಂದ ಹಿರಿಯರನ್ನು ಅಲ್ಲಿಯವರೆಗೆ ಕರೆದೊಯ್ಯಬಹುದು. ಮಂಡಿನೋವು ಇರುವವರಿಗೆ ಮುಕ್ಕಾಲು ಗಂಟೆ ಬೇಕೆಂದು ಲೆಕ್ಕ ಹಾಕಿ. ಮಧ್ಯಾಹ್ನವೇ ಏಕೆಂದರೆ ಕಾರ್ಲೆಯ ಚೈತ್ಯ ಪಶ್ಚಿಮಕ್ಕೆ ಮುಖ ಮಾಡಿದೆ, ಹೊತ್ತು ಇಳಿದಂತೆ ಕಮಾನು ಕಿಟಕಿಯ ಬೆಳಕು ಒಳಗಿನ ಸ್ತೂಪದತ್ತ ಸರಿಯುತ್ತದೆ. ಬೆಳಗ್ಗೆ ಹನ್ನೊಂದಕ್ಕೆ ಹೋದವರು ಕತ್ತಲ ಕೋಣೆಯನ್ನು ನೋಡಿ ಬರುತ್ತಾರೆ. ಟಿಕೆಟ್ ಕಿಟಕಿ ಐದರ ಸುಮಾರಿಗೆ ಮುಚ್ಚಬಹುದು ಎಂದೇ ಎಣಿಸಿ ಹೊರಡಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಶಾಲೆಯ ಗುರುತಿನ ಚೀಟಿ ಜೊತೆಗಿರಲಿ. (ಕಾಮಶೇಟ್ ಕಡೆಯ ಬೆಡ್ಸೆ ಗುಹೆಗೆ ಹೋಗುವುದಾದರೆ ಲೆಕ್ಕ ಉಲ್ಟಾ: ಅದು ಪೂರ್ವಾಭಿಮುಖ, ಬೆಳಗಿನ ಹೊತ್ತೇ ಆಗಬೇಕು.)

ಐವತ್ತು ಜನ ಒಟ್ಟಿಗೆ ನುಗ್ಗಬೇಡಿ. ಹದಿನೈದು–ಇಪ್ಪತ್ತರ ತಂಡ ಮಾಡಿ. ಒಂದು ತಂಡ ಒಳಗಿರುವಾಗ ಇನ್ನೊಂದು ಪಡಸಾಲೆಯಲ್ಲಿರಲಿ. ಎರಡು ಕೊನೆಯ ಗೋಡೆಗಳಲ್ಲಿ ಗುಹೆಯನ್ನೇ ಹೊತ್ತು ನಿಂತಂತೆ ಆನೆಗಳಿವೆ. ಬಾಗಿಲುಗಳ ಬದಿಗೆ ಗಂಡು–ಹೆಣ್ಣಿನ ಜೋಡಿಗಳು. ಅಲ್ಲೇ ನಡುನಡುವೆ ಇರುವ ಬುದ್ಧನ ಮೂರ್ತಿಗಳು ಕೆಲವು ಶತಮಾನ ಕಳೆದ ಮೇಲೆ ಸೇರಿಸಿದವು. ಹೇಗೆ ಗೊತ್ತಾಗುತ್ತದೆ ಎಂದು ಕೇಳುವವರಿಗೆ ಮೂರ್ತಿಯ ಅಂಚನ್ನು ತೋರಿಸಿ, ಮೊದಲೇ ಇದ್ದ ಕಟಕಟೆಯ ಕೆತ್ತನೆಯನ್ನು ಕಡಿದು ಮೂರ್ತಿಗೆ ಜಾಗ ಮಾಡಿದ್ದಾರೆ. ಮೂರನೆಯ ತಂಡ ಸಿಂಹಸ್ತಂಭದ ಬಳಿ ನಿಲ್ಲಲಿ. ಅದರ ಹದಿನಾರು ಮುಖ ಎಣಿಸುವಷ್ಟರಲ್ಲಿ ಸರದಿ ಬರುತ್ತದೆ.

ವಿವರಣೆಯೆಲ್ಲ ಹೊರಗೇ ಮುಗಿಯಲಿ. ಸುಮಾರು 14 ಮೀಟರ್ ಎತ್ತರದ ಕಮಾನು ಚಾವಣಿಯ ಕೆಳಗೆ ಒಬ್ಬರು ಗಟ್ಟಿಯಾಗಿ ಮಾತಾಡಿದರೆ ಮಾತು ಮಾತಿಗೆ ಬಡಿದು ಯಾವುದೂ ಕೇಳುವುದಿಲ್ಲ. ಮೈಕ್ ಅಂತೂ ಬೇಡ. ಒಳಗೆ ಹೋದ ಮೇಲೆ ಹತ್ತು ನಿಮಿಷ ಯಾರೂ ಮಾತಾಡಬಾರದು ಎಂದು ಮೊದಲೇ ಹೇಳಿಬಿಡಿ. ಬಿಸಿಲಿನಿಂದ ಬಂದ ಕಣ್ಣು ಒಗ್ಗಲು ಅಷ್ಟು ಹೊತ್ತು ಬೇಕೇ ಬೇಕು. ಮೊದಲು ಸ್ತೂಪದ ದುಂಡು ಕಾಣುತ್ತದೆ, ಆಮೇಲೆ ಅದರ ಮೇಲಿನ ಮರದ ಛತ್ರಿ, ನಿಧಾನಕ್ಕೆ ತಲೆಯ ಮೇಲಿನ ತೇಗದ ಕಮಾನುಗಳು. ಆ ತೇಗ ಗುಹೆಯಷ್ಟೇ ಹಳೆಯದು. ಅದು ಚಾವಣಿಯ ಯಾವ ಭಾರವನ್ನೂ ಹೊತ್ತಿಲ್ಲ, ತೆಗೆದುಬಿಟ್ಟರೂ ಕಲ್ಲು ಹಾಗೆಯೇ ನಿಲ್ಲುತ್ತದೆ. ಕಲ್ಲಿನ ಬೆಟ್ಟದೊಳಗೆ ಮರದ ಮನೆಯ ನೆನಪನ್ನು ಕೂರಿಸಿಟ್ಟವರು ಯಾರು, ಅದು ಇಷ್ಟು ಶತಮಾನ ಹೇಗೆ ಉಳಿಯಿತು ಎಂಬ ಬೆರಗು ಆ ಮೌನದಲ್ಲಿ ಮಾತ್ರ ಹುಟ್ಟೀತು.

ಆಮೇಲೆ ಒಂದೇ ಒಂದು ಕಂಬದ ಮುಂದೆ ಕುಳಿತು ಬುಡದಿಂದ ತುದಿಯವರೆಗೆ ನೋಡಲಿ. ಮೆಟ್ಟಿಲು ಮೆಟ್ಟಿಲಾದ ಪೀಠ, ಅದರ ಮೇಲೆ ನೀರಿನ ಕೊಡದಂಥ ಕುಂಭ, ಕುಂಭದ ಬಾಯಿಂದ ಏಳುವ ಎಂಟು ಮೂಲೆಯ ಕಂಬ, ಮೇಲೆ ಬೋರಲು ಬಿದ್ದ ಕುಂಭ, ಮತ್ತೆ ಮೆಟ್ಟಿಲು, ಅದರ ಮೇಲೆ ಮಂಡಿಯೂರಿದ ಆನೆಗಳು, ಬೆನ್ನ ಮೇಲೆ ಜೋಡಿ ಜೋಡಿ ಸವಾರರು. ಎರಡೂ ಬದಿಗೆ ಹದಿನೈದು ಹದಿನೈದು ಇಂಥ ಕಂಬ. ಸ್ತೂಪದ ಹಿಂದಿನ ಏಳಕ್ಕೆ ಬುಡವೂ ಇಲ್ಲ, ಬೋದಿಗೆಯೂ ಇಲ್ಲ. ಒಟ್ಟು 37. ಮಕ್ಕಳ ಕೈಲಿ ಎಣಿಸಿ.

ಅಕ್ಷರ ಓದಿಸುವುದನ್ನು ಮಾತ್ರ ತಪ್ಪಿಸಬೇಡಿ. ಶಾಸನದ ಮೇಲೆ ಮೊಬೈಲಿನ ಟಾರ್ಚನ್ನು ಎದುರಿನಿಂದ ಹಿಡಿದರೆ ಕಲ್ಲು ಬೆಳ್ಳಗಾಗಿ ಏನೂ ಕಾಣುವುದಿಲ್ಲ. ಟಾರ್ಚನ್ನು ಗೋಡೆಗೆ ತಾಗಿಸದೆ, ಗೋಡೆಯ ಮಟ್ಟಕ್ಕೇ ಅಡ್ಡ ಹಿಡಿದು ಬದಿಯಿಂದ ಬೆಳಕು ಬಿಡಿ. ಗೀರಿನ ಒಂದಂಚು ನೆರಳಾಗುತ್ತದೆ, ಅಕ್ಷರ ಮೇಲೆದ್ದು ಬರುತ್ತದೆ. ಒಮ್ಮೆ ಎಡದಿಂದ, ಒಮ್ಮೆ ಮೇಲಿನಿಂದ ಹಿಡಿದು ನೋಡಬೇಕು. ಬೆಳಕಿನ ದಿಕ್ಕಿಗೆ ಸಮಾನಾಂತರವಾದ ಗೀರು ಆ ಬೆಳಕಿಗೆ ಕಾಣದೇ ಹೋಗುತ್ತದೆ. ಬ್ರಾಹ್ಮಿಯಲ್ಲಿ ‘ಕ’ ಕೂಡಿಸುವ ಗುರುತಿನಂತೆ, ‘ರ’ ಒಂದು ನೆಟ್ಟ ಗೀಟು, ‘ಠ’ ಒಂದು ದುಂಡು, ದುಂಡಿನೊಳಗೆ ಚುಕ್ಕೆ ಬಿದ್ದರೆ ‘ಥ’. ಕಂಬಗಳ ಮೇಲೆ ‘ಥಭೋ ದಾನಂ’, ಅಂದರೆ ಕಂಬದ ದಾನ ಎಂಬ ಮಾತು ಬರುವುದರಿಂದ ಆ ಚುಕ್ಕೆಯ ದುಂಡು ಬೇಗ ಸಿಗುತ್ತದೆ. ಭೂತಪಾಲನ ಸಾಲಿನಲ್ಲಿ ‘ಸೆಠಿ’ ಹುಡುಕಬೇಕಾದರೆ ಬರಿ ದುಂಡನ್ನು ಹುಡುಕಿ, ಇಕಾರದ ಗೀರು ಅದರ ತಲೆಯ ಮೇಲೆ ಅಂಟಿಕೊಂಡಿರುತ್ತದೆ. ಕನ್ನಡ ಲಿಪಿ ಈ ಬ್ರಾಹ್ಮಿಯಿಂದಲೇ ಇಳಿದು ಬಂದದ್ದು, ನಮ್ಮ ಠ ಇಂದಿಗೂ ದುಂಡಗೇ ಉಳಿದಿದೆ. ಮುಂಬೈಯಲ್ಲಿ ಹುಟ್ಟಿ, ಮನೆಯಲ್ಲಷ್ಟೇ ಕನ್ನಡ ಕೇಳಿ ಬೆಳೆದ ಹುಡುಗಿಯೊಬ್ಬಳು ಆ ಗೋಡೆಯ ಮೇಲೆ ಠ ಗುರುತಿಸಿದರೆ, ಅದು ಅವಳಿಗೆ ಯಾವ ಭಾಷಣವೂ ಕೊಡಲಾರದ್ದನ್ನು ಕೊಡುತ್ತದೆ ಎಂದು ನಾವು ನಂಬಿದ್ದೇವೆ. ಶಾಸನದ ಸಾಲು, ಅದರ ಅರ್ಥ, ಇಂಥ ಏಳೆಂಟು ಅಕ್ಷರ ಇಷ್ಟನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ ಬಸ್ಸಿನಲ್ಲೇ ಹಂಚಿ.

ಅಕ್ಷರ ಕಾಣಲಿಲ್ಲವೆಂದು ಸೀಮೆಸುಣ್ಣ ತಿಕ್ಕಬೇಡಿ, ನೀರು ಚಿಮುಕಿಸಬೇಡಿ, ಹಿಟ್ಟು, ಎಣ್ಣೆ ಯಾವುದೂ ಬೇಡ. ಡೆಕ್ಕನ್ನಿನ ಈ ಕಪ್ಪು ಕಲ್ಲು ಲಾವಾ ಆರಿ ಆದದ್ದು, ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಸುಣ್ಣದ ಪುಡಿ ತೇವದೊಡನೆ ಅಲ್ಲಿ ಸೇರಿ ಗಟ್ಟಿಯಾದರೆ ಬ್ರಷ್ಷಿಗೂ ಬರುವುದಿಲ್ಲ, ಕೆರೆದರೆ ಕಲ್ಲೇ ಬರುತ್ತದೆ. ಅದಕ್ಕಿಂತ ದೊಡ್ಡ ಕೇಡು ಇನ್ನೊಂದಿದೆ. ಸುಣ್ಣದಿಂದ ತೀಡಿದವನು ತಾನು ಅಂದುಕೊಂಡ ಅಕ್ಷರವನ್ನು ತೀಡುತ್ತಾನೆ, ಆಮೇಲೆ ಬಂದವರೆಲ್ಲ ಅವನ ಊಹೆಯನ್ನೇ ಶಾಸನವೆಂದು ಓದುತ್ತಾರೆ. ಕಾಗದ ಒತ್ತಿ ಪಡಿಯಚ್ಚು ತೆಗೆಯುವುದು ಅನುಮತಿ ಪಡೆದ ತಜ್ಞರ ಕೆಲಸ. ಕೆತ್ತನೆಯ ಮುಖ, ಎದೆ, ಆನೆಯ ಸೊಂಡಿಲು ಸವರುವುದೂ ಬೇಡ, ಕೈಯ ಜಿಡ್ಡು, ಬೆವರಿನ ಉಪ್ಪು ಕಲ್ಲಿಗೆ ಇಳಿಯುತ್ತವೆ. ಹೆಸರು ಗೀಚುವುದು ಅಪರಾಧ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಹ್ಯಾದ್ರಿಯ ಗುಹೆಗಳ ಹಣೆಯಲ್ಲಿ ಹೆಜ್ಜೇನು ಕಟ್ಟುವುದುಂಟು. ಹೊಗೆ, ಗಾಢ ಸುಗಂಧ, ಕಲ್ಲೆಸೆತ ಇವುಗಳಿಂದ ಹುಳು ಏಳುತ್ತದೆ. ಎದ್ದರೆ ಮೆಟ್ಟಿಲ ಮೇಲೆ ಓಡುವಾಗಲೇ ಹೆಚ್ಚು ಪೆಟ್ಟಾಗುವುದು. ಗುಂಪಿನ ಮುಖಂಡರು ಮೊದಲು ತಲೆಯೆತ್ತಿ ನೋಡಿಕೊಳ್ಳಲಿ.

ಮುಂಬೈ ಬಿಟ್ಟು ಹೊರಡಲಾಗದ ಶಾಲೆಗಳಿಗೆ ಬೋರಿವಲಿಯ ಕಾನ್ಹೇರಿ ಸಾಕು, ಸಾಕಾಗಿ ಮಿಕ್ಕುತ್ತದೆ. ನೂರಕ್ಕೂ ಹೆಚ್ಚು ಗುಹೆಗಳಿವೆ, ಎಲ್ಲವನ್ನೂ ನೋಡಿಸುವ ಆಸೆ ಬಿಡಿ. ಗುಹೆಗಳಿರುವುದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗೆ, ಆ ಉದ್ಯಾನ ಸೋಮವಾರ ಮುಚ್ಚಿರುತ್ತದೆ. ಮುಖ್ಯದ್ವಾರದಿಂದ ಗುಹೆಗೆ ಆರೇಳು ಕಿಲೋಮೀಟರ್ ದೂರ, ಒಳಗಿನ ಬಸ್ಸಿನ ಸರದಿಗೆ ಸಮಯ ಇಟ್ಟುಕೊಳ್ಳಿ. 1 ಮತ್ತು 3ನೇ ಗುಹೆ ನೋಡಿ ನೇರ 11ಕ್ಕೆ ಹೋಗಿ, ಉದ್ದಕ್ಕೆ ಎರಡು ಕಲ್ಲಿನ ಜಗಲಿ ಇರುವ ದೊಡ್ಡ ಸಭಾಂಗಣ ಅದು. ಅಲ್ಲಿ ಶಕ 775ರ, ಅಂದರೆ ಸುಮಾರು ಕ್ರಿ.ಶ. 853ರ, ಶಾಸನವಿದೆ. ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿ ಆದ ದತ್ತಿ, ವಿಹಾರದ ದುರಸ್ತಿಗೆ ಮತ್ತು ಪುಸ್ತಕ ಕೊಳ್ಳುವುದಕ್ಕೆ. ಹೌದು, ಅದೇ ನೃಪತುಂಗ. ಕನ್ನಡ ಪಠ್ಯದಲ್ಲಿ ಮಾನ್ಯಖೇಟದ ದೊರೆಯಾಗಿ ಮಕ್ಕಳು ಓದುವ ಹೆಸರು ಬೋರಿವಲಿಯ ಬಂಡೆಯ ಮೇಲೆ ಸಿಗುತ್ತದೆ, ಪುಸ್ತಕದ ಖರ್ಚಿನ ಲೆಕ್ಕದೊಂದಿಗೆ.

ಆಮೇಲೆ ಉಳಿದ ಹೊತ್ತನ್ನೆಲ್ಲ ನೀರಿಗೆ ಕೊಡಿ. ಮುಂಬೈಗೆ ನಾಲ್ಕು ತಿಂಗಳಲ್ಲಿ 2000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದು, ಉಳಿದ ಎಂಟು ತಿಂಗಳು ಬೆಟ್ಟ ಒಣಗಿರುತ್ತದೆ. ಭಿಕ್ಷುಗಳು ವರ್ಷವಿಡೀ ಇಲ್ಲಿ ಇರಬೇಕಿತ್ತು. ಅದಕ್ಕಾಗಿ ಬಂಡೆಯ ಮೈಮೇಲೆ ಸಣ್ಣ ಕಾಲುವೆ ಕಡಿದು, ಗುಹೆಯ ಬದಿಯ ತೊಟ್ಟಿಗೆ ನೀರು ತಿರುಗಿಸಿದ್ದಾರೆ. ಶಾಸನಗಳಲ್ಲಿ ಇವಕ್ಕೆ ‘ಪೊಢಿ’ ಎಂಬ ಹೆಸರು. ಮಕ್ಕಳು ಒಂದು ತೊಟ್ಟಿಯ ಬಾಯಿಂದ ಶುರುಮಾಡಿ, ನೀರು ಬಂದ ದಾರಿಯನ್ನು ಬೆರಳಿನಿಂದಲ್ಲ, ಕಣ್ಣಿನಿಂದ ಹಿಮ್ಮುಖವಾಗಿ ಹತ್ತುತ್ತ ಹೋಗಲಿ. ಕಾಲುವೆ ಎಲ್ಲಿ ತಿರುಗಿತು, ಏಕೆ ತಿರುಗಿತು, ಇಳಿಜಾರು ಎಷ್ಟಿದೆ ಎಂದು ಬರೆದುಕೊಳ್ಳಲಿ. ಜುಲೈಯಲ್ಲಿ ಹೋದರೆ ನೀರು ಹರಿಯುವುದೇ ಕಾಣುತ್ತದೆ, ಆದರೆ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಕಾಲು ಜಾರುವುದು ಖಂಡಿತ. ಸಣ್ಣ ಮಕ್ಕಳನ್ನು ಮಳೆಯಲ್ಲಿ ಒಯ್ಯಬೇಡಿ. ಒಂದು ಪ್ಲಾಸ್ಟಿಕ್ ಬಾಟಲಿ ಆ ಗೇಣಗಲದ ಕಾಲುವೆಗೆ ಸಿಕ್ಕಿಕೊಂಡರೆ ನೀರು ಗುಹೆಯ ಒಳಕ್ಕೆ ತಿರುಗುತ್ತದೆ. ತಿಂಡಿಯ ಚೀಲ ಹೊರಗೆ ಕಂಡರೆ ಕೋತಿ ಕಸಿಯುತ್ತದೆ, ಬಾಯಿ ಕಟ್ಟಿ ಬೆನ್ನಚೀಲದೊಳಗೆ ಇಡಿ.

ಮುಂಬೈ ಬಳಿಯ ಘಾರಾಪುರಿ ದ್ವೀಪದ ಎಲಿಫೆಂಟಾ ಗುಹೆಗಳಿಗೂ ಸೋಮವಾರ ರಜೆ. ಸದಾಶಿವನ ಮೂರು ಮುಖದ ಮೂರ್ತಿ ದಕ್ಷಿಣದ ಗೋಡೆಯಲ್ಲಿದೆ, ಗುಹೆಯ ಬಾಯಿ ಉತ್ತರಕ್ಕೆ. ಅಲ್ಲಿ ಬೆಳಕು ನೇರ ಬೀಳದೆ ಬದಿಯ ತೆರವುಗಳಿಂದ ತೇಲಿ ಬರುತ್ತದೆ. ಫ್ಲಾಶ್ ಹಾಕಿದರೆ ಸುಮಾರು ಆರು ಮೀಟರ್ ಎತ್ತರದ ಆ ಮುಖಗಳು ಚಪ್ಪಟೆಯಾಗುತ್ತವೆ. ಮೊದಲ ದೋಣಿಗೆ ಹೋಗಿ, ಅಷ್ಟೇ ನಮ್ಮ ಸಲಹೆ.

ಗೋವೆಯ ಸಂಘದವರಿಗೆ ತಾಂಬಡಿ ಸುರ್ಲಾದ ಮಹಾದೇವ ಗುಡಿ ಇದೆ. ಅನಮೋಡ ಘಟ್ಟದ ಬುಡದ ಕಾಡಿನಲ್ಲಿ, ಗೋವೆಯ ಕದಂಬರ ಕಾಲದ್ದು, 12–13ನೇ ಶತಮಾನ. ಅದು ಕಡೆದ ಗುಹೆಯಲ್ಲ, ಕಟ್ಟಿದ ಗುಡಿ. ಹಾಗಾಗಿ ಅಲ್ಲಿ ನೋಡಬೇಕಾದದ್ದು ಕಲ್ಲಿಗೆ ಕಲ್ಲು ಕೂಡಿದ ಸಂದು. ಸುತ್ತಲಿನ ನೆಲವೆಲ್ಲ ಜಂಬಿಟ್ಟಿಗೆ, ಗುಡಿ ಮಾತ್ರ ಕಪ್ಪು ಕಲ್ಲು. ಎರಡನ್ನೂ ಪಕ್ಕಪಕ್ಕದಲ್ಲಿ ತೋರಿಸಿದರೆ ನಯವಾದ ಕೆತ್ತನೆ ಜಂಬಿಟ್ಟಿಗೆಯಲ್ಲಿ ಏಕೆ ನಿಲ್ಲದು ಎಂಬುದು ಹೇಳದೆಯೇ ತಿಳಿಯುತ್ತದೆ. ಕುಶಾವತಿ ದಂಡೆಯ ಉಸಗಾಳಿಮಳದಲ್ಲಿ ನೆಲದ ಬಂಡೆಯ ಮೇಲೆ ಗೀರಿದ ಪ್ರಾಚೀನ ಚಿತ್ರಗಳಿಗೆ ಹೋದರೆ ಚಪ್ಪಲಿ ಬಿಟ್ಟು, ಗೀರುಗಳ ಮೇಲೆ ಕಾಲಿಡದೆ ಸುತ್ತ ನಿಂತು ನೋಡಿ. ಜಂಬಿಟ್ಟಿಗೆ ಬೇಗ ಸವೆಯುತ್ತದೆ.

ಈ ಪತ್ರವನ್ನು ನಿಮ್ಮ ಕಾರ್ಯಕಾರಿ ಸಮಿತಿಯ ಮುಂದಿಡಿ. ಬಸ್ಸು ಗೊತ್ತುಮಾಡುವಾಗ ಕಾರ್ಲೆಯ ಪಾರ್ಕಿಂಗಿನಲ್ಲಿ ಸಂಜೆ ಆರರವರೆಗೆ ನಿಲ್ಲಬೇಕು ಎಂದು ಚಾಲಕರಿಗೆ ಮೊದಲೇ ಹೇಳಿರಿ. ಹೇಳದಿದ್ದರೆ ನಾಲ್ಕೂವರೆಗೇ ಹಾರ್ನ್ ಶುರುವಾಗುತ್ತದೆ, ಬೆಳಕು ಸ್ತೂಪಕ್ಕೆ ಬರುವ ಹೊತ್ತಿಗೆ ನಿಮ್ಮ ಜನ ಮೆಟ್ಟಿಲಿಳಿಯುತ್ತಿರುತ್ತಾರೆ.

ಇಂತಿ ನಿಮ್ಮ,
ಗುಹೆ ಮತ್ತು ಶಾಸನಗಳ ಅಭ್ಯಾಸದಲ್ಲಿ ತೊಡಗಿರುವ ಮುಂಬೈ, ಪುಣೆಯ ಕೆಲವು ಕನ್ನಡಿಗರು